ತುಂಗೆಯ ಕಾಣದ ಸಂಸಾರ

ಶಿವಮೊಗ್ಗದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ ನಮಗೆ ತುಂಗೆಯೇ ಪ್ರಯೋಗಶಾಲೆ. ಹಿತ್ತಾಳೆ ಬಳೆಗೆ ಶಂಕುವಿನಾಕಾರದಲ್ಲಿ ಹೊಲಿದ ಸಣ್ಣ ಕಣ್ಣಿನ ಬಟ್ಟೆ, ತುದಿಗೆ ಕಟ್ಟಿದ ಸೀಸೆ, ಇಷ್ಟೇ ಪ್ಲಾಂಕ್ಟನ್ ಬಲೆ, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಹಿಡಿಯಲು. ಹಳೆಯ ಬಲೆಗಳಿಗೆ ಹಿಟ್ಟಿನ ಮಿಲ್ಲಿನ ಜರಡಿಗೆಂದು ನೇಯ್ದ ರೇಷ್ಮೆ ಬಳಸುತ್ತಿದ್ದರಂತೆ. ನಮ್ಮ ಕಾಲಕ್ಕೆ ನೈಲಾನ್ ಬಂದಿತ್ತು. ಗಾಜನೂರಿನ ಹಿನ್ನೀರಿನಲ್ಲಿ ಬಕೆಟ್ಟುಗಟ್ಟಲೆ ನೀರು ಸೋಸಿದರೂ ಸೀಸೆಯಲ್ಲಿ ಉಳಿಯುತ್ತಿದ್ದುದು ಒಂದಿಷ್ಟು ಮಬ್ಬು.

ಆ ಮಬ್ಬಿನ ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಹಬ್ಬ! ಗಾಜಿನ ಚಿಪ್ಪಿನ ಡಯಾಟಂಗಳು, ಬಿದಿಗೆ ಚಂದ್ರನ ಆಕಾರದ ಕ್ಲಾಸ್ಟೀರಿಯಂ, ನಡು ಸಣ್ಣಗಾದ ಕಾಸ್ಮೇರಿಯಂ, ಅಂಚೆಲ್ಲ ಕಚ್ಚು ಕಚ್ಚಾದ ಮೈಕ್ರಾಸ್ಟೀರಿಯಸ್. ಡಯಾಟಂ ಬಿಟ್ಟರೆ ಉಳಿದ ಮೂರೂ ಡೆಸ್ಮಿಡ್‌ಗಳ ಪಂಗಡದವು. ಮಲೆನಾಡಿನ ಮಳೆ ತರುವ, ಲವಣ ಕಡಿಮೆಯಿರುವ ಮೆದು ನೀರೆಂದರೆ ಬಹುಪಾಲು ಡೆಸ್ಮಿಡ್‌ಗಳಿಗೆ ಪ್ರಾಣ. ಚರಂಡಿ ನೀರು ಸೇರಿತೋ, ಮೊದಲು ಮನೆ ಖಾಲಿ ಮಾಡುವವೂ ಅವೇ.

ಊರು ದಾಟಿ ಕೂಡಲಿಯ ಕಡೆ ಹೋದಂತೆ ನಮ್ಮ ಪಟ್ಟಿ ಬದಲಾಗುತ್ತಿತ್ತು: ಯೂಗ್ಲೀನಾ, ಆಸಿಲೇಟೋರಿಯಾ ಎಂಬ ಪಾಚಿಗಳು, ಬ್ರಾಕಿಯೋನಸ್ ಎಂಬ ಸೂಕ್ಷ್ಮಪ್ರಾಣಿ. ಕೊಳೆ ತಾಳಿಕೊಳ್ಳುವ ಪಾಚಿಗಳಿಗೆ ಪಾಮರ್ ಎಂಬ ವಿಜ್ಞಾನಿ 1969ರಲ್ಲಿ ಅಂಕ ಹಂಚಿದ್ದಾರೆ. ಯೂಗ್ಲೀನಾಗೆ ಪೂರಾ 5. ಒಟ್ಟು 20 ಮುಟ್ಟಿದರೆ ಕೊಳಚೆ ವಿಪರೀತವೆಂದು ಅರ್ಥ. ಹೆಚ್ಚು ಅಂಕ ತೆಗೆದು ಫೇಲಾಗುವ ಪರೀಕ್ಷೆ ಇದೊಂದೇ ಇರಬೇಕು.

ನೀರು ಕೆಟ್ಟಾಗ ಪ್ಲಾಂಕ್ಟನ್ ಕಡಿಮೆಯಾಗುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅನೇಕ ಸಲ ಹೆಚ್ಚಾಗುತ್ತದೆ! ಹತ್ತಾರು ಜಾತಿಗಳಿದ್ದ ಕಡೆ ಒಂದೆರಡೇ ಜಾತಿ ಬೇಕಾಬಿಟ್ಟಿ ಬೆಳೆದು ನೀರನ್ನೆಲ್ಲ ಹಸಿರು ಮಾಡುತ್ತವೆ. ನೀರಿನ ಆಮ್ಲಜನಕ ಅಳೆಯುವ ಈಗಿನ ಮೀಟರಿಗೂ ಇದು ಮೋಸ ಮಾಡಬಲ್ಲದು. ಬಿಸಿಲೇರಿದ ಮೇಲೆ ಅದನ್ನು ಅದ್ದಿದರೆ ಆಮ್ಲಜನಕ ಧಾರಾಳ ತೋರಿಸುತ್ತದೆ, ಪಾಚಿ ಹಗಲೆಲ್ಲ ತಯಾರಿಸಿದ್ದು. ಬೆಳಗಿನ ಜಾವ ಅದೇ ನೀರಿನಲ್ಲಿ ಮೀನು ಉಸಿರುಕಟ್ಟಿ ಮೇಲೆ ಬಂದು ಬಾಯಿ ಬಿಡುತ್ತಿರುತ್ತದೆ. ಮೀಟರು ಹೇಳುವುದು ಆ ಗಳಿಗೆಯದು. ಪ್ಲಾಂಕ್ಟನ್ ಹೇಳುವುದು ಕಳೆದ ಹಲವು ದಿನಗಳ ಕಥೆ.

ಅದನ್ನು ಕೇಳಿಸಿಕೊಳ್ಳುವವರೂ ಕಡಿಮೆಯಾದರು, ನನಗೆ ಹೆಚ್ಚು ಸಂಕಟ ಅದೇ. 1 ಮಿಲಿಲೀಟರ್ ಹಿಡಿಯುವ ಗಾಜಿನ ತಟ್ಟೆಯ ಮೇಲೆ ಬಗ್ಗಿ, ಕತ್ತು ನೋಯುವವರೆಗೆ ಎಣಿಸಿ, ಡೆಸ್ಮಿಡ್‌ನ ರೆಕ್ಕೆಯಂಥ ಮೂಲೆ ಮೂರೋ ನಾಲ್ಕೋ ಎಂದು ಗೆಳೆಯರೊಡನೆ ಜಗಳವಾಡಿ ಚಿತ್ರ ಬರೆಯುತ್ತಿದ್ದೆವು. ನಮ್ಮ ಮೇಷ್ಟ್ರು ಒಂದು ಗೆರೆ ತಪ್ಪಿದರೂ ಪುಟ ಹರಿದು ಹಾಕಿಸುತ್ತಿದ್ದರು. ಆ ರೆಕಾರ್ಡ್ ಪುಸ್ತಕಗಳು ಎಂದೋ ರದ್ದಿಗೆ ಹೋದವು.

ಡಯಾಟಂಗಳ ಚಿಪ್ಪು ಸಿಲಿಕಾದ್ದು, ಸುಲಭಕ್ಕೆ ಕರಗದು. ಗಾಜನೂರಿನ ಹೂಳನ್ನು ಕೊರೆದು ತೆಗೆದರೆ ಹಳೆಯ ತುಂಗೆಯ ಲೆಕ್ಕ ಇಂದಿಗೂ ಒಂದಿಷ್ಟು ಸಿಕ್ಕೀತು. ಡೆಸ್ಮಿಡ್‌ಗಳದು ಸೆಲ್ಯುಲೋಸಿನ ಗೋಡೆ, ಸತ್ತರೆ ಹೆಚ್ಚಿನವು ಕೊಳೆತು ಹೋಗುತ್ತವೆ. ಅವು ಇದ್ದವೆನ್ನಲು ನಾವು ಬರೆದ ಆ ಚಿತ್ರಗಳೇ ಆಧಾರವಾಗಿದ್ದವು.