ಅಘನಾಶಿನಿಯ ಅಳಿವೆಯಲ್ಲಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲಿ ಹುಟ್ಟುವ ಅಘನಾಶಿನಿಯು ಘಟ್ಟವನ್ನಿಳಿದು ಕುಮಟೆಯ ಸಮೀಪದಲ್ಲಿ ಪಡುಗಡಲನ್ನು ಸೇರುತ್ತದೆ. ದಾರಿಯಲ್ಲಿ ಉಂಚಳ್ಳಿಯೆಂಬಲ್ಲಿ ಅದು 116 ಮೀಟರುಗಳಷ್ಟು ಕೆಳಕ್ಕೆ ಧುಮುಕುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಆ ನೀರು ಕೆಳಕ್ಕೇ ಏಕೆ ಬೀಳುತ್ತದೆಂದು ನಾವಾರೂ ಕೇಳುವುದಿಲ್ಲ. ಆದರೆ ಅದೇ ನದಿಯ ಅಳಿವೆಯಲ್ಲಿ ನೀರು ದಿನಕ್ಕೆರಡು ಬಾರಿ ಬಂದ ದಾರಿಯಲ್ಲಿಯೇ ಹಿಂದಕ್ಕೆ ಹರಿಯುವುದನ್ನು ಕಂಡವನು ಕೇಳದೆ ಇರಲಾರನು. ಬೀಳಿಸುವ ಶಕ್ತಿ ಬೇರೆ, ಏರಿಸುವ ಶಕ್ತಿ ಬೇರೆ ಎಂದು ತೋರುವುದು ಸಹಜ. ಎರಡೂ ಒಂದೇ ಎಂಬುದು ಆ ಅಳಿವೆಯ ದಂಡೆಯಲ್ಲಿ ನನಗೆ ಮನದಟ್ಟಾಯಿತು.

ಶಿವರಾತ್ರಿಗೆಂದು ಗೋಕರ್ಣಕ್ಕೆ ಹೋಗಿದ್ದೆನು. ಮರುದಿನ ಅಮಾವಾಸ್ಯೆ. ನಸುಕಿನಲ್ಲಿಯೇ ಹೊರಟು, ಹೊಳೆಯನ್ನು ದಾಟಿ ಆಚೆಯ ದಡದ ಅಘನಾಶಿನಿ ಗ್ರಾಮವನ್ನು ನೋಡಬೇಕೆಂದು ತದಡಿಗೆ ಬಂದೆನು. ಹೊಳೆಯು ಬಡವಾಗಿ, ನಡುವೆ ಮರಳ ದಿಬ್ಬಗಳು ಬೆನ್ನು ತೋರಿಸುತ್ತಿದ್ದವು. ಅವುಗಳ ಮೇಲೆ ಹೆಂಗಸರು ಬಗ್ಗಿ ಬಳಚು ಹೆಕ್ಕುತ್ತಿದ್ದರು. ಬಳಚೆಂದರೆ ಮರಳಿನಲ್ಲಿ ಹುದುಗಿರುವ ಚಿಪ್ಪುಜೀವಿ. ಅಳಿವೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದ.

“ಸ್ವಲ್ಪ ತಡೆಯಿರಿ, ಮಾಸ್ತರೇ. ಇಳಿತ ಮುಗಿಯಲಿ, ಭರತ ಬಂದಮೇಲೆ ದೋಣಿ ಬಿಡೋಣ” ಎಂದನು ದೋಣಿಯವನು. ದಂಡೆಗೆ ಬುಟ್ಟಿಯನ್ನು ಹೊತ್ತು ತಂದ ಮುದುಕಿಯೊಬ್ಬಳನ್ನು ಮಾತನಾಡಿಸಿದೆನು. “ಇವತ್ತು ಅಮಾಸೆ ಅಲ್ಲವೇ, ಒಡೆಯಾ, ನೀರು ಚೆನ್ನಾಗಿ ಇಳಿದದೆ. ಅಷ್ಟಮಿ ನವಮಿಗೆ ಬಂದರೆ ಅರ್ಧ ಬುಟ್ಟಿಯೂ ತುಂಬುವುದಿಲ್ಲ” ಎಂದಳು.

ಆ ಮಾತು ನನ್ನ ಹಳೆಯ ಸಾಲವೊಂದನ್ನು ನೆನಪಿಗೆ ತಂದಿತು. ಬಹಳ ವರ್ಷಗಳ ಹಿಂದೆ ನಾನು ತರಗತಿಯಲ್ಲಿ, ಚಂದ್ರನು ಕಡಲನ್ನು ಎಳೆಯುವುದರಿಂದ ಭರತವುಂಟಾಗುತ್ತದೆಂದು ಹೇಳಿದೆನು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಗುರುಗಳೇ, ಚಂದ್ರನಿರುವುದು ಒಂದೇ ಕಡೆ, ಹಾಗಾದರೆ ಭರತವು ದಿನಕ್ಕೆ ಒಂದೇ ಬರಬೇಕಲ್ಲವೇ?” ಎಂದು ಕೇಳಿದನು. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. “ಮೊದಲು ಪಾಠವನ್ನು ಒಪ್ಪಿಸು” ಎಂದು ಗದರಿಸಿ ಕೂರಿಸಿದೆನು. ಆ ಹುಡುಗನು ಮತ್ತೆ ಪ್ರಶ್ನೆ ಕೇಳಲಿಲ್ಲ.

ಉತ್ತರವು ಕಠಿನವಾದುದಲ್ಲ. ಆಕರ್ಷಣವು ದೂರ ಹೆಚ್ಚಿದಂತೆ ಕುಗ್ಗುವುದು. ದೂರವು ಇಮ್ಮಡಿಯಾದರೆ ಸೆಳೆತವು ನಾಲ್ಕನೆಯ ಒಂದು ಪಾಲಾಗುವುದು. ಚಂದ್ರನಿಗೆ ಅಭಿಮುಖವಾದ ಕಡಲು ಅವನಿಗೆ ಹತ್ತಿರ, ಭೂಮಿಯ ನಡುವು ಅದಕ್ಕಿಂತ ದೂರ, ಆಚೆಯ ಬದಿಯ ಕಡಲು ಇನ್ನೂ ದೂರ. ಜಾತ್ರೆಗೆ ಹೊರಟ ಮೂವರಲ್ಲಿ ಮುಂದಿನವನು ಬೇಗನೆ, ನಡುವಿನವನು ಸಾಧಾರಣವಾಗಿ, ಹಿಂದಿನವನು ಮೆಲ್ಲನೆ ನಡೆದರೆ, ಮೂವರೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೂ ನಡುವಿನವನಿಗೆ ಒಬ್ಬನು ಮುಂದಕ್ಕೂ ಇನ್ನೊಬ್ಬನು ಹಿಂದಕ್ಕೂ ಅಗಲಿದಂತೆ ಕಾಣುವುದು. ಅದರಂತೆಯೇ ನೀರು ಎರಡು ಕಡೆಗೂ ಉಬ್ಬುವುದು. ಭೂಮಿಯು ತಿರುಗುವುದರಿಂದ ಭರತಗಳು ದಿನಕ್ಕೆರಡು. ಅಷ್ಟರಲ್ಲಿ ಚಂದ್ರನೂ ಮುಂದೆ ಸರಿದಿರುವುದರಿಂದ ಅವು ದಿನದಿನಕ್ಕೆ ಸುಮಾರು 50 ನಿಮಿಷ ತಡ. ಬರುವ ಹೊತ್ತನ್ನೂ ಏರುವ ಎತ್ತರವನ್ನೂ ಕರಾವಳಿಯ ಆಕಾರ, ಕಡಲಿನ ಆಳ ಮುಂತಾದುವು ಊರಿಂದೂರಿಗೆ ಬದಲಿಸುತ್ತವೆ.

ಮುದುಕಿಯ ಅಷ್ಟಮಿಗೂ ಇದರಲ್ಲಿಯೇ ಉತ್ತರವುಂಟು. ಸೂರ್ಯನು ಭೂಮಿಯನ್ನು ಚಂದ್ರನಿಗಿಂತ ಸುಮಾರು 180 ಮಡಿ ಬಲವಾಗಿ ಸೆಳೆಯುತ್ತಾನೆ. ಆದರೆ ಭರತವುಂಟಾಗುವುದು ಸೆಳೆತದಿಂದಲ್ಲ, ಈಚೆಯ ಹಾಗೂ ಆಚೆಯ ಬದಿಗಳ ಸೆಳೆತದ ವ್ಯತ್ಯಾಸದಿಂದ. ಅತಿದೂರದ ಸೂರ್ಯನಿಗೆ ಆ ವ್ಯತ್ಯಾಸವು ಅತ್ಯಲ್ಪವಾದ ಕಾರಣ, ಕಡಲಿನ ವಿಷಯದಲ್ಲಿ ಅವನ ಬಲವು ಚಂದ್ರನ ಅರ್ಧಕ್ಕಿಂತ ಕಡಿಮೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಸೇರಿ ಎಳೆಯುವರು. ನೀರು ಹೆಚ್ಚು ಏರಿ ಹೆಚ್ಚು ಇಳಿಯುವುದು. ಅಷ್ಟಮಿಯಲ್ಲಿ ಒಬ್ಬರಿಗೊಬ್ಬರು ಅಡ್ಡಲಾಗುವರು; ಏರಿಳಿತಗಳೆರಡೂ ಮಂದವಾಗುವುವು, ದಿಬ್ಬಗಳು ನೀರಿನಡಿಯಲ್ಲಿಯೇ ಉಳಿಯುವುವು.

ಭೂಮಿಗೆ ಆಕರ್ಷಣಶಕ್ತಿಯುಂಟು, ಅದರಿಂದ ಸೆಳೆಯಲ್ಪಟ್ಟ ವಸ್ತುವು ಬೀಳುವಂತೆ ತೋರುತ್ತದೆ ಎಂದು ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲಿ ಹೇಳಿದ್ದಾರೆ. ಅದನ್ನೋದಿ ಹೆಮ್ಮೆಪಡುವುದು ಯುಕ್ತವೇ. ಆದರೆ ಎಲ್ಲವೂ ಅಲ್ಲಿಯೇ ಇತ್ತೆನ್ನುವುದು ಅಭಿಮಾನವಾದೀತೇ ಹೊರತು ಸತ್ಯವಾಗದು. ಸೆಳೆಯುವುದು ಭೂಮಿಯೊಂದೇ ಅಲ್ಲ, ಪ್ರತಿಯೊಂದು ವಸ್ತುವೂ ಪ್ರತಿಯೊಂದನ್ನೂ ಸೆಳೆಯುತ್ತದೆಂದು ಲೆಕ್ಕಹಾಕಿ ತೋರಿಸಿ, ಅದೇ ನಿಯಮದಿಂದ ಭರತಕ್ಕೂ ಕಾರಣ ಹೇಳಿದವನು ನ್ಯೂಟನ್, 1687ರಲ್ಲಿ. ಸೀಸದ ಗುಂಡುಗಳು ಒಂದನ್ನೊಂದು ಸೆಳೆಯುವ ಅತಿ ಸೂಕ್ಷ್ಮ ಬಲವನ್ನು ಕ್ಯಾವೆಂಡಿಷನು 1798ರಲ್ಲಿ ಅಳೆದು ಪ್ರಕಟಿಸಿದನು. ಹೀಗಿರಲಾಗಿ, ಉಂಚಳ್ಳಿಯಲ್ಲಿ ಬೀಳಿಸುವುದೂ ತದಡಿಯಲ್ಲಿ ಏರಿಸುವುದೂ ಒಂದೇ ಸೆಳೆತ. ಅಲ್ಲಿ ಸೆಳೆಯುವವಳು ಭೂಮಿ, ಇಲ್ಲಿ ಮುಖ್ಯವಾಗಿ ಚಂದ್ರ.

ಹೊತ್ತೇರಿತು. ನನಗೆ ಯಾವ ಬದಲಾವಣೆಯೂ ಕಾಣುವುದಕ್ಕೆ ಮೊದಲೇ ದಿಬ್ಬದ ಮೇಲಿನ ಹೆಂಗಸರು ಬುಟ್ಟಿಗಳನ್ನೆತ್ತಿಕೊಂಡು ದಂಡೆಗೆ ಹೊರಟರು. ಸ್ವಲ್ಪ ಹೊತ್ತಿಗೆ ಕಡಲ ಕಡೆಗೆ ತೇಲುತ್ತಿದ್ದ ಒಣಗಿದೆಲೆಯೊಂದು ನಿಂತಿತು. ಬಳಿಕ ಮೆಲ್ಲನೆ ಘಟ್ಟದ ಕಡೆಗೆ ತಿರುಗಿತು. ದೋಣಿ ಹೊರಟಿತು. ಆಚೆಯಲ್ಲಿ ಗಜನಿ ಗದ್ದೆಗಳ ಮಣ್ಣಿನ ಕಟ್ಟೆಗಳು ಕಂಡವು. ಮಳೆಗಾಲದಲ್ಲಿ ಅಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುವರು. ಇಳಿತದಲ್ಲಿ ಕಟ್ಟೆಯ ಬಾಗಿಲಿನಿಂದ ಮಳೆಯ ನೀರನ್ನು ಹೊರಗೆ ಬಿಟ್ಟು, ಭರತದಲ್ಲಿ ಕಡಲನ್ನು ತಡೆಯುವುದೇ ಅವರ ಬೇಸಾಯದ ಗುಟ್ಟು. ಈ ಅಳಿವೆಯು 2024ರಲ್ಲಿ ರಾಮ್ಸಾರ್ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ.

ನಮ್ಮ ಮನೆಗಳಲ್ಲಿ ಪಂಚಾಂಗವನ್ನು ತೆರೆಯುವುದು ವ್ರತಕ್ಕಾಗಿ; ಈ ದಂಡೆಯ ಮನೆಗಳಲ್ಲಿ ತಿಥಿಯನ್ನೆಣಿಸುವುದು ಅನ್ನಕ್ಕಾಗಿ. ಆ ಹುಡುಗನು ಈಗ ಎಲ್ಲಿರುವನೋ ಅರಿಯೆನು. ಮನೆಯ ಮಕ್ಕಳು ಇಂತಹ ಪ್ರಶ್ನೆಯನ್ನು ಕೇಳಿದರೆ, ಉತ್ತರ ತಿಳಿಯದಿದ್ದರೂ ಚಿಂತೆಯಿಲ್ಲ, ಅವರನ್ನು ಕೂರಿಸಬೇಡಿರಿ. ಸಾಧ್ಯವಾದರೆ ಒಂದು ಅಮಾವಾಸ್ಯೆಯ ಬೆಳಗ್ಗೆ ಅಳಿವೆಗೆ ಕರೆದುಕೊಂಡು ಹೋಗಿರಿ.