ಅರ್ಕಾವತಿ ಅಡ್ಡಬಂದರೆ

ದೊಡ್ಡಬಳ್ಳಾಪುರದ ಬೀದಿಗಳ ಮಗ್ಗದ ಸದ್ದು ಹಿಂದಾಗುತ್ತಿರುವಂತೆಯೇ ಪೂರ್ವದ ಬಾನಂಚಿನಲ್ಲಿ ನಂದಿಬೆಟ್ಟವು ಎದ್ದು ತೋರುತ್ತದೆ. ಬೆಂಗಳೂರಿನಿಂದ ಈ ಊರಿಗೆ ಸುಮಾರು 40 ಕಿಲೋಮೀಟರು. ಇಲ್ಲಿ ಡಾಂಬರು ರಸ್ತೆಯನ್ನು ಬಿಟ್ಟು, ಬೆಟ್ಟದ ತಪ್ಪಲಿನ ಮಣ್ಣುದಾರಿಗೆ ಜೀಪನ್ನು ಇಳಿಸಿದರೆ ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ, ನೀಲಗಿರಿಯ ತೋಪುಗಳು ಒಂದೊಂದಾಗಿ ಎದುರಾಗುತ್ತವೆ. ದಾರಿ ದೀರ್ಘವಲ್ಲ, ಆದರೆ ಮಳೆಯಲ್ಲಿ ನೆನೆದ ಕೆಮ್ಮಣ್ಣು ಚಕ್ರಗಳನ್ನು ಹಿಡಿದೆಳೆಯುವಾಗ ಚಾಲಕನ ಕೈ ಕ್ಷಣಕಾಲವೂ ಸಡಿಲವಾಗುವಂತಿಲ್ಲ.

ಈ ಸೀಮೆಯಲ್ಲಿ ಅಡ್ಡಬರುವ ನದಿ ಅರ್ಕಾವತಿ. ನಂದಿಯಲ್ಲಿ ಹುಟ್ಟಿ, ಕೆರೆಯಿಂದ ಕೆರೆಗೆ ಹರಿದು, ಕನಕಪುರದಾಚೆಯ ಸಂಗಮದಲ್ಲಿ ಇದು ಕಾವೇರಿಯನ್ನು ಕೂಡುತ್ತದೆ. ನೀರಿರುವಾಗ ಹಾಯುವುದಕ್ಕೆ ಒಂದು ಕ್ರಮವುಂಟು. ಮೊದಲು ಜೀಪನ್ನು ದಡದಲ್ಲಿ ನಿಲ್ಲಿಸಿ ನೀರನ್ನು ನೋಡಬೇಕು. ಹರಿವು ಮಂದವಾಗಿದ್ದರೆ ಕೋಲೂರಿ ಆಳವನ್ನೂ ತಳದ ಗಟ್ಟಿಯನ್ನೂ ಪರೀಕ್ಷಿಸಬೇಕು. ಸೆಳೆತ ಕಂಡರೆ ಇಳಿಯದೆ ಹಿಂದಿರುಗುವುದೇ ಜಾಣತನ. ಹಾಯಬಹುದಾದರೆ ನಾಲ್ಕು ಚಕ್ರಗಳಿಗೂ ಶಕ್ತಿ ಕೊಟ್ಟು, ಕೆಳಗಿನ ಗೇರಿನಲ್ಲಿ ಒಂದೇ ವೇಗದಿಂದ ಸಾಗಬೇಕು. ನಡುನೀರಿನಲ್ಲಿ ಗೇರು ಬದಲಿಸಬಾರದು. ಆಚೆಯ ದಡವೇರಿದ ಮೇಲೆ ಬ್ರೇಕನ್ನು ಮೆಲ್ಲನೆ ಒತ್ತುತ್ತ ಒಣಗಿಸಿಕೊಳ್ಳಬೇಕು.

ಆದರೆ ವರ್ಷದ ಬಹುಕಾಲ ಈ ವಿದ್ಯೆಯೆಲ್ಲ ನಿರುಪಯೋಗಿ. ನದಿಯ ಪಾತ್ರದಲ್ಲಿ ಚಕ್ರ ನೆನೆಯುವಷ್ಟು ನೀರೂ ಇರುವುದಿಲ್ಲ. 1896ರಿಂದ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿಗೆ ನೀರುಣಿಸಿದ ನದಿಯೇ ಇದು! ಕೊಳವೆಬಾವಿಗಳು ಅಂತರ್ಜಲವನ್ನು ಆಳಕ್ಕೆಳೆದವು. ನೀಲಗಿರಿಯ ಬೇರುಗಳು ನೆಲದ ತೇವವನ್ನು ಹೀರಿದವು. ಕೆರೆಗಳನ್ನು ಬೆಸೆಯುತ್ತಿದ್ದ ಕಾಲುವೆಗಳು ಹೂಳಿನಿಂದಲೂ ಒತ್ತುವರಿಯಿಂದಲೂ ಮುಚ್ಚಿದವು. 1974ರಲ್ಲಿ ಕಾವೇರಿಯ ನೀರು ಬಂದ ಮೇಲೆ ನಗರಕ್ಕೆ ಈ ನದಿಯ ನೆನಪು ಕ್ರಮೇಣ ಮಾಸಿತು.

ಆದುದರಿಂದ ಇಲ್ಲಿಗೆ ಬರುವ ವಾಹನಿಗರು ಒಂದು ಮಾತನ್ನು ಮರೆಯಬಾರದು. ಇರುವ ಗಾಡಿಜಾಡನ್ನು ಬಿಟ್ಟು ಕೆರೆಯಂಗಳಕ್ಕೆ ಇಳಿಯುವುದಾಗಲಿ, ಕಾಲುವೆಯ ದಡವನ್ನು ಹತ್ತುವುದಾಗಲಿ ಸಲ್ಲದು. ಕ್ಷಣದ ವಿನೋದಕ್ಕಾಗಿ ಚಕ್ರವು ಕುಸಿಸಿದ ಮಣ್ಣು ಮುಂದಿನ ಮಳೆಯ ನೀರಿಗೆ ತಡೆಯಾದೀತು.

ಹಸ್ತ, ಚಿತ್ತಾ ಮಳೆಗಳು ಚೆನ್ನಾಗಿ ಸುರಿದ ವರ್ಷ ಹೋಗಿ ನೋಡಿ. ಅರ್ಕಾವತಿ ತುಂಬಿ ಹರಿದು, ನಿಮ್ಮ ಜೀಪು ದಡದಿಂದಲೇ ಹಿಂದಿರುಗಬೇಕಾಗಿ ಬಂದರೆ ನಿರಾಶರಾಗಬೇಡಿ. ಆ ಸೀಮೆಯ ರೈತನಿಗೆ ಅದಕ್ಕಿಂತ ಒಳ್ಳೆಯ ಸುದ್ದಿಯಿಲ್ಲ.