ಸೇಂಟ್ ಮೇರಿ ದ್ವೀಪದಲ್ಲಿ ಒಂದು ಪಾಠ

ಮೂವತ್ತಾರು ವರ್ಷಕಾಲ ಸಂಸ್ಕೃತೋಪಾಧ್ಯಾಯನಾಗಿದ್ದವನಿಗೆ ವಿಶ್ರಾಂತಿವೇತನ ಬಂದ ಮೇಲೂ ಒಂದು ಚಾಳಿ ಬಿಡುವುದಿಲ್ಲ. ಕಂಡುದನ್ನೆಲ್ಲ ಪಕ್ಕದವರಿಗೆ ವಿವರಿಸಿ ಹೇಳುವುದೇ ಆ ಚಾಳಿ. ಕಳೆದ ಪುಷ್ಯಮಾಸದಲ್ಲಿ ಉಡುಪಿಯ ಯಾತ್ರೆಗೆ ಹೊರಟಾಗಲೂ ನಾನು ಈ ಉತ್ಸಾಹದಿಂದಲೇ ಹೊರಟೆನು. ಜತೆಯಲ್ಲಿ ನನ್ನ ಪತ್ನಿಯೂ, ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ ಭೂವಿಜ್ಞಾನದ ಎಂ.ಎಸ್‌ಸಿ. ವ್ಯಾಸಂಗ ಮಾಡುತ್ತಿದ್ದು ರಜೆಗೆ ಬಂದಿದ್ದ ಮಗಳೂ ಇದ್ದರು.

ಇಲ್ಲಿ ಒಂದು ಮಾತನ್ನು ಹೇಳಲು ಸಂಕೋಚವಾಗುತ್ತದೆ. ಆದರೆ ಹೇಳದಿದ್ದರೆ ಮುಂದಿನದು ವಾಚಕರಿಗೆ ತಿಳಿಯಲಾರದು. ಎರಡು ವರ್ಷಗಳ ಹಿಂದೆ ಮಗಳು ಈ ವಿಷಯವನ್ನು ಆರಿಸಿಕೊಂಡಾಗ ನಾನು ಒಪ್ಪಿರಲಿಲ್ಲ. “ಕಲ್ಲು ಒಡೆಯುವುದಕ್ಕೂ ಒಂದು ಶಾಸ್ತ್ರವೆ?” ಎಂದು ಬಾಯಿಗೆ ಬಂದಂತೆ ಆಡಿಬಿಟ್ಟಿದ್ದೆನು. ಅವಳು ಎದುರಾಡಲಿಲ್ಲ, ತಾಯಿಯ ಬೆಂಬಲದಿಂದ ಹೋಗಿ ಸೇರಿದಳು. ಅಂದಿನಿಂದ ರಜೆಗೆ ಬಂದಾಗಲೆಲ್ಲ ನನ್ನ ಆರೋಗ್ಯವನ್ನು ವಿಚಾರಿಸುವಳು, ಔಷಧ ತಂದುಕೊಡುವಳು. ತನ್ನ ಪಾಠದ ವಿಷಯವನ್ನು ಮಾತ್ರ ಎತ್ತುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ.

ಆಗುಂಬೆಯ ಘಟ್ಟವನ್ನಿಳಿದು ಉಡುಪಿಯನ್ನು ಸೇರಿದೆವು. ನವಗ್ರಹ ಕಿಂಡಿಯ ಮೂಲಕ ಶ್ರೀಕೃಷ್ಣನ ದರ್ಶನವಾಯಿತು. ಮಲ್ಪೆಯ ಕಡಲಿನಲ್ಲಿ ಸಂಕಟಕ್ಕೆ ಸಿಕ್ಕಿದ್ದ ಹಡಗನ್ನು ಮಧ್ವಾಚಾರ್ಯರು ಉಳಿಸಿದುದು, ಆ ಹಡಗಿನ ಗೋಪೀಚಂದನದ ಗಡ್ಡೆಯೊಳಗೆ ಈ ವಿಗ್ರಹ ದೊರೆತುದು, ಕನಕದಾಸರ ಕಿಂಡಿಯ ಐತಿಹ್ಯ, ಇವೆಲ್ಲವನ್ನೂ ವಿಸ್ತಾರವಾಗಿ ಹೇಳಿದೆನು. ಮಗಳು ಶ್ರದ್ಧೆಯಿಂದಲೇ ಕೇಳಿದಳು. ರಾತ್ರಿ ಊಟವಾದ ಮೇಲೆ, “ಅಪ್ಪಾ, ಇವತ್ತು ನಿಮ್ಮ ದಿನವಾಯಿತು. ನಾಳೆ ಒಂದು ದಿನ ನನಗೆ ಕೊಡುತ್ತೀರಾ?” ಎಂದಳು. ಆ ಪ್ರಶ್ನೆಯಲ್ಲಿದ್ದ ಹಿಂಜರಿಕೆಯನ್ನು ಕಂಡು ನನಗೆ ಇಲ್ಲವೆನ್ನಲಾಗಲಿಲ್ಲ.

ಮರುದಿನ ಬೆಳಗ್ಗೆ ಮಲ್ಪೆಯಲ್ಲಿ ದೋಣಿ ಹತ್ತಿದೆವು. ಮಳೆಗಾಲದಲ್ಲಿ ಈ ಸಂಚಾರವಿರುವುದಿಲ್ಲ. ದಡದಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ ಸೇಂಟ್ ಮೇರಿ ದ್ವೀಪಗಳೆಂಬ ಚಿಕ್ಕ ದ್ವೀಪಗಳ ಸಮೂಹವಿದೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು, ಕ್ರೈಸ್ತರ ಮಾತೆಯಾದ ಮೇರಿಯ ಹೆಸರನ್ನು ಇಟ್ಟನೆಂದು ಪ್ರತೀತಿ. ಬಯಲುಸೀಮೆಯವನಾದ ನಾನು ದೋಣಿ ಓಲಾಡಿದಾಗಲೆಲ್ಲ ಮಗಳ ತೋಳನ್ನು ಹಿಡಿದುಕೊಂಡೆನು. ಚಿಕ್ಕಂದಿನಲ್ಲಿ ಅವಳು ನನ್ನ ಬೆರಳನ್ನು ಹಿಡಿದು ನಡೆಯುತ್ತಿದ್ದುದು ನೆನಪಿಗೆ ಬಂದಿತು.

ದ್ವೀಪದಲ್ಲಿ ಇಳಿದವನು ಬೆರಗಾಗಿ ನಿಂತೆನು. ತೆಂಗಿನ ಮರಗಳ ಆಚೆ, ಅಲೆಗಳು ಬಡಿಯುವ ಅಂಚಿನಲ್ಲಿ, ಕಲ್ಲಿನ ಕಂಬಗಳು ಒಂದಕ್ಕೊಂದು ತಾಗಿಕೊಂಡು ಸಾಲುಸಾಲಾಗಿ ನಿಂತಿದ್ದುವು. ಕೆಲವು ಆಳೆತ್ತರವನ್ನು ಮೀರಿದ್ದುವು. ಕೆಲವು ಮೊಟಕಾಗಿ ಮಣೆ ಹಾಕಿದಂತೆ ತೋರುತ್ತಿದ್ದುವು. ನಾನು ಒಡನೆಯೇ, “ನೋಡಮ್ಮ, ಯಾವನೋ ಅರಸನು ದೇವಾಲಯಕ್ಕೆಂದು ಕಡೆಯಿಸಿದ ಕಂಬಗಳು. ಎಲ್ಲಕ್ಕೂ ಆರೇ ಮುಖ. ಎಂತಹ ಶಿಲ್ಪಿಗಳು!” ಎಂದೆನು.

ಅವಳು ನಗಲಿಲ್ಲ. “ಎಣಿಸಿ ನೋಡಿ ಅಪ್ಪಾ” ಎಂದಳು.

ಎಣಿಸಿದೆನು. ಆರು ಮುಖದವು ಬಹಳವಿದ್ದುವು. ಆದರೆ ಐದು ಮುಖದವೂ ಏಳು ಮುಖದವೂ ನಡುನಡುವೆ ಇದ್ದುವು. ಶಿಲ್ಪಿಯಾದವನು ಹೀಗೆ ಲೆಕ್ಕ ತಪ್ಪುವನೆ?

“ಬೇಸಗೆಯಲ್ಲಿ ನಮ್ಮೂರ ಕೆರೆ ಬತ್ತಿದರೆ ಅಂಗಳದ ಕೆಸರು ಏನಾಗುತ್ತದೆ?” ಎಂದು ಅವಳು ಕೇಳಿದಳು.

“ಬಿರುಕು ಬಿಡುತ್ತದೆ.”

“ಯಾವ ಆಕಾರದಲ್ಲಿ?”

ನಾನು ಸುಮ್ಮನಾದೆನು. ಅರವತ್ತು ವರ್ಷ ನೋಡಿದ ಕೆರೆಯಂಗಳವು ಕಣ್ಣಮುಂದೆ ಬಂದಿತು: ಐದು ಮೂಲೆ, ಆರು ಮೂಲೆಯ ಹೆಂಟೆಗಳ ಚಾಪೆ! ಕೆಸರು ಒಣಗುತ್ತ ಕುಗ್ಗಿ ಬಿರಿಯುವಂತೆಯೇ, ಭೂಗರ್ಭದಿಂದ ಉಕ್ಕಿದ ಶಿಲಾರಸವು ಆರುತ್ತ ಕುಗ್ಗಿ ಬಿರಿಯುತ್ತದೆಂದೂ, ಒಳಭಾಗವು ಆರಿದಂತೆಲ್ಲ ಬಿರುಕು ಆಳಕ್ಕೆ ಇಳಿದು ಕಂಬಗಳಾಗುವುವೆಂದೂ ಅವಳು ವಿವರಿಸಿದಳು. ಜನರು ಇದನ್ನು ಬಸಾಲ್ಟ್ ಎಂದು ಕರೆಯುವರಾದರೂ, ಸಿಲಿಕದ ಅಂಶ ಹೆಚ್ಚಾಗಿರುವ ರಯೋಲೈಟ್, ಡೇಸೈಟ್ ಬಗೆಯ ಕಲ್ಲಿದು. ವಯಸ್ಸು ಸುಮಾರು 8 ಕೋಟಿ 80 ಲಕ್ಷ ವರ್ಷ. ಆ ಕಾಲದವರೆಗೆ ಭಾರತವೂ ಮಡಗಾಸ್ಕರ್ ದ್ವೀಪವೂ ಒಂದಕ್ಕೊಂದು ಅಂಟಿಕೊಂಡಿದ್ದುವಂತೆ. ಅವು ಬೇರ್ಪಟ್ಟಾಗ ಉಕ್ಕಿದ ಬೆಂಕಿಯ ಗುರುತೇ ಈ ಕಂಬಗಳು. ಇದೇ ವಯಸ್ಸಿನ ಶಿಲೆಗಳು ಮಡಗಾಸ್ಕರಿನಲ್ಲಿಯೂ ಇವೆ. ಈಗ ನಡುವೆ ಸುಮಾರು 4,000 ಕಿಲೋಮೀಟರು ಕಡಲು. ನಮ್ಮ ನೆಲವು ಉತ್ತರಕ್ಕೆ ಸಾಗಿ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾದ ನೆಲಕ್ಕೆ ತಾಗಿತು. ಆ ಒತ್ತಡದಿಂದಲೇ ಹಿಮಾಲಯವೆದ್ದಿತು. ಇಂದಿಗೂ ಅದು ವರ್ಷಕ್ಕೆ ಸುಮಾರು 5 ಸೆಂಟಿಮೀಟರು ಸಾಗುತ್ತಲೇ ಇದೆ.

ವಾಚಕರೆ, ನಾನು ಮೂವತ್ತಾರು ವರ್ಷ ಮಕ್ಕಳಿಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಿದವನು. ಅದರಲ್ಲಿ ಭೂಮಿಗೆ ಅಚಲಾ ಎಂದೂ ಸ್ಥಿರಾ ಎಂದೂ ಹೆಸರುಗಳುಂಟು. ಆ ಅಚಲೆಯು ನನ್ನ ಕಾಲ ಕೆಳಗೆ ಚಲಿಸುತ್ತಿದ್ದಾಳೆಂದು ಮಗಳು ಹೇಳಿದಾಗ ಪಂಡಿತನ ಅಭಿಮಾನವು ಸುಮ್ಮನಿರಲಿಲ್ಲ. “ನಮ್ಮ ಹಿರಿಯರಿಗೆ ಇದೂ ಗೊತ್ತಿತ್ತು! ಗೋ ಎಂಬ ಶಬ್ದಕ್ಕೆ ಭೂಮಿಯೆಂಬ ಅರ್ಥವುಂಟು. ದೂರ ಹೋಗಿರುವುದರಿಂದ ಆ ಹೆಸರೆಂದು ಯಾಸ್ಕರು ನಿರುಕ್ತದಲ್ಲಿ ಹೇಳಿದ್ದಾರೆ” ಎಂದೆನು.

“ಹೌದೇ ಅಪ್ಪಾ?” ಎಂದು ಅವಳು ಸಂತೋಷದಿಂದಲೇ ಕೇಳಿದಳು. “ಆ ಪಾಠ ಹೇಳುವಾಗ ಭೂಮಿ ಚಲಿಸುತ್ತದೆಂದೇ ಅರ್ಥ ಹೇಳುತ್ತಿದ್ದಿರಾ?”

ನಾನು ಹಾಗೆ ಎಂದೂ ಹೇಳಿರಲಿಲ್ಲ. ಭೂಮಿಯು ದೂರದವರೆಗೆ ಹರಡಿದೆಯೆಂಬುದೇ ಆ ಮಾತಿಗೆ ಸಹಜವಾದ ಅರ್ಥ. ಹಾಗೆಯೇ ಪಾಠ ಹೇಳಿದ್ದೆನು. ಮಗಳ ಮುಂದೆ ಸೋಲಬಾರದೆಂದು ಯಾಸ್ಕರ ಬಾಯಲ್ಲಿ ಅವರು ಆಡದ ಮಾತನ್ನು ಇಡಲು ಹೋಗಿದ್ದೆನು. “ಇಲ್ಲಮ್ಮ, ಹೇಳುತ್ತಿರಲಿಲ್ಲ” ಎಂದು ಒಪ್ಪಿಕೊಂಡೆನು.

ಆಗ ಅವಳು ಆಲ್ಫ್ರೆಡ್ ವೆಗೆನರ್ ಎಂಬ ಜರ್ಮನ್ ವಿದ್ವಾಂಸನ ಕಥೆಯನ್ನು ಹೇಳಿದಳು. ಖಂಡಗಳು ಚಲಿಸುವುವೆಂದು 1912ರಲ್ಲಿ ಅವನು ಪ್ರತಿಪಾದಿಸಿದಾಗ ಭೂವಿಜ್ಞಾನಿಗಳಲ್ಲಿ ಬಹುಮಂದಿ ಒಪ್ಪಲಿಲ್ಲ. 1930ರಲ್ಲಿ ಅವನು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡನು. 1960ರ ದಶಕದಲ್ಲಿ ಕಡಲತಳದ ಶೋಧನೆಗಳು ನಡೆದ ಮೇಲೆಯೇ ಲೋಕವು ಆ ತತ್ತ್ವವನ್ನು ಅಂಗೀಕರಿಸಿತು. “ನಮ್ಮ ಶಾಸ್ತ್ರದವರೂ ಬೇಗ ಒಪ್ಪುವವರಲ್ಲ ಅಪ್ಪಾ” ಎಂದು ಅವಳು ನಕ್ಕಳು. ನನ್ನ ಮುಖವನ್ನು ಉಳಿಸುವುದಕ್ಕಾಗಿಯೇ ಆ ಮಾತು ಹೇಳಿದಳೆಂದು ನನಗೆ ತಿಳಿಯದಿರಲಿಲ್ಲ.

“ಇಷ್ಟೆಲ್ಲ ತಿಳಿದಿದ್ದೂ ಮನೆಯಲ್ಲಿ ಒಂದು ದಿನವೂ ಹೇಳಲಿಲ್ಲವಲ್ಲ?” ಎಂದೆನು.

“ನೀವು ಕೇಳಲಿಲ್ಲ” ಎಂದಳು. ಸಿಟ್ಟಿನಿಂದಲ್ಲ, ಇದ್ದುದನ್ನು ಇದ್ದಂತೆ ಹೇಳಿದಳು.

ಮಕ್ಕಳ ಕೈಯಲ್ಲಿ ಸೋಲುವುದೇ ತಂದೆಗೆ ಗೆಲವೆಂದು ಹಿರಿಯರು ಹೇಳುವುದುಂಟು. ಅಲ್ಲಿ ಪುತ್ರನೆಂದಲ್ಲವೆ ಇರುವುದು, ಪುತ್ರಿಗೆ ಅದು ಹೇಗೆ ಅನ್ವಯಿಸೀತು ಎಂದು ಯಾರಾದರೂ ಆಕ್ಷೇಪಿಸಿದರೆ ವ್ಯಾಕರಣದಲ್ಲಿಯೇ ಸಮಾಧಾನವಿದೆ. ಮಗನನ್ನೂ ಮಗಳನ್ನೂ ಒಟ್ಟಿಗೆ ಹೇಳುವಾಗ ಪುತ್ರ ಶಬ್ದವೊಂದೇ ಉಳಿದು ಇಬ್ಬರನ್ನೂ ಸೂಚಿಸುವುದೆಂದು ಪಾಣಿನಿಯ ವಿಧಿ. ಈ ವಿಧಿಯನ್ನು ಎಷ್ಟೋ ಸಲ ಪಾಠ ಹೇಳಿದ್ದೆನು. ಅದರ ಉಪಯೋಗವು ತಿಳಿದುದು ಅಂದು, ಆ ಕಂಬಗಳ ಮೇಲೆ ಕುಳಿತಾಗ.

ಹಿಂದಿರುಗುವಾಗ ನೆನಪಿಗಿರಲೆಂದು ಕಲ್ಲಿನ ಚೂರೊಂದನ್ನು ಜೇಬಿಗೆ ಹಾಕಿಕೊಂಡೆನು. ಮಗಳು ಕಂಡು, ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದೂ ಇಲ್ಲಿಂದ ಏನನ್ನೂ ಒಯ್ಯಬಾರದೆಂದೂ ತಿಳಿಸಿದಳು. ತಪ್ಪು ಮಾಡಿದ ಶಿಷ್ಯನಂತೆ ಅದನ್ನು ಇದ್ದಲ್ಲಿಯೇ ಇಟ್ಟೆನು. ತೆಂಗಿನ ನೆರಳಿನಲ್ಲಿ ಕುಳಿತಿದ್ದ ನನ್ನ ಪತ್ನಿ ಇದನ್ನೆಲ್ಲ ನೋಡುತ್ತಿದ್ದವಳು, “ಅಂತೂ ಇಬ್ಬರಿಗೂ ಮಾತು ಬಂತು” ಎಂದಳು.

ಈಗ ಮಗಳು ಮೈಸೂರಿನಲ್ಲಿದ್ದಾಳೆ. ಭಾನುವಾರ ಸಂಜೆ ದೂರವಾಣಿಯಲ್ಲಿ ಮಾತನಾಡುವಾಗ ನನ್ನ ಕೈಯಲ್ಲಿ ಒಂದು ಪುಸ್ತಕವಿರುತ್ತದೆ. ಆ ವಾರ ತೋಚಿದ ಪ್ರಶ್ನೆಗಳನ್ನು ಅದರಲ್ಲಿ ಗುರುತು ಹಾಕಿಕೊಂಡಿರುತ್ತೇನೆ. ನಮ್ಮೂರ ಗುಡ್ಡದ ಕಲ್ಲಿನ ವಯಸ್ಸೆಷ್ಟು ಎಂಬುದು ಈ ವಾರದ ಮೊದಲನೆಯ ಪ್ರಶ್ನೆ.